ಉಪ್ಪಿನಲ್ಲಿರುವ ಸೋಡಿಯಂ ಸಾರಿನಲ್ಲಿ ಯಾಕೆ ಸಿಡಿಯುವುದಿಲ್ಲ?

ಸೋಡಿಯಂ ಲೋಹದ ಸಣ್ಣ ಚೂರನ್ನು ನೀರಿಗೆ ಹಾಕಿದರೆ ಬುಸುಗುಟ್ಟುತ್ತಾ ನೀರಿನ ಮೇಲೆಲ್ಲ ಓಡಾಡುತ್ತದೆ. ಚೂರು ದೊಡ್ಡದಾದರೆ ಸಿಡಿದೇಬಿಡುತ್ತದೆ. ಅದಕ್ಕೇ ಲ್ಯಾಬುಗಳಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಕ್ಲೋರಿನ್ ಅಂತೂ ವಿಷದ ಗಾಳಿ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರನ್ನು ಕೊಲ್ಲಲು ಅದನ್ನು ಬಳಸಿದ್ದರು. ಈ ಎರಡೂ ಸೇರಿದ ಉಪ್ಪನ್ನು ನಾವು ದಿನಾ ಸಾರಿಗೆ ಹಾಕುತ್ತೇವೆ. ಕರಗಿದ ಕೂಡಲೇ ಎರಡೂ ಮತ್ತೆ ಬೇರೆ ಬೇರೆಯಾಗುತ್ತವೆ. ಆದರೂ ಏನೂ ಆಗುವುದಿಲ್ಲ. ಯಾಕೆ?

ಕಾರಣ ಒಂದೇ ಒಂದು ಎಲೆಕ್ಟ್ರಾನ್.

ಸೋಡಿಯಂ ಪರಮಾಣುವಿನ ನಡುವೆ 11 ಪ್ರೋಟಾನ್‌ಗಳು, ಸುತ್ತ 11 ಎಲೆಕ್ಟ್ರಾನ್‌ಗಳು. ಪ್ರೋಟಾನ್‌ನದು ಧನ ಆವೇಶ, ಎಲೆಕ್ಟ್ರಾನ್‌ನದು ಅಷ್ಟೇ ಪ್ರಮಾಣದ ಋಣ ಆವೇಶ. ಲೆಕ್ಕ ಸಮ, ಒಟ್ಟು ಸೊನ್ನೆ. ಆದರೆ ಆ ಎಲೆಕ್ಟ್ರಾನ್‌ಗಳು 2, 8, 1 ಎಂದು ಮೂರು ಪದರಗಳಲ್ಲಿವೆ. ಹೊರಗಿನ ಒಂಟಿ ಎಲೆಕ್ಟ್ರಾನ್‌ನ ಹಿಡಿತ ಸಡಿಲ. ನೀರು ಸಿಕ್ಕರೆ ಸಾಕು, ಸೋಡಿಯಂ ಅದನ್ನು ನೀರಿಗೆ ಕೊಟ್ಟುಬಿಡುತ್ತದೆ. ಬಿಸಿಯೂ ಹೈಡ್ರೋಜನ್ನೂ ಹುಟ್ಟುವುದು ಆಗಲೇ.

ಕೊಟ್ಟ ಮೇಲೆ ಉಳಿಯುವುದು 11 ಪ್ರೋಟಾನ್, 10 ಎಲೆಕ್ಟ್ರಾನ್. ಕಳೆದುಕೊಂಡದ್ದು ಋಣ ಆವೇಶವಾದ್ದರಿಂದ ಒಂದು ಧನ ಆವೇಶ ಹೆಚ್ಚಾಗುತ್ತದೆ. ಇದೇ ಸೋಡಿಯಂ ಅಯಾನು. ಮೊದಲ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ 5.1 ಎಲೆಕ್ಟ್ರಾನ್ ವೋಲ್ಟ್, ಎರಡನೆಯದಕ್ಕೆ 47.3. ಹಾಗಾಗಿ ಮಾಮೂಲಿ ರಾಸಾಯನಿಕ ಕ್ರಿಯೆಗಳಲ್ಲಿ ಅದು ಇನ್ನೊಂದನ್ನು ಕೊಡುವುದೇ ಇಲ್ಲ. ಉಪ್ಪಿನಲ್ಲಿರುವುದು ಹೀಗೆ ಮೊದಲೇ ಕೊಟ್ಟು ಮುಗಿಸಿದ ಸೋಡಿಯಂ. ಕ್ಲೋರಿನ್ ಒಂದು ಎಲೆಕ್ಟ್ರಾನ್ ಪಡೆದು ಕ್ಲೋರೈಡ್ ಆಗಿದೆ, ಅದಕ್ಕೂ ಇನ್ನು ಯಾರದ್ದೂ ಬೇಡ.

ನೀರಿನಲ್ಲಿ ಉಪ್ಪು ಹೀಗೆ ಅಯಾನುಗಳಾಗಿ ಇರುತ್ತದೆ ಎಂದು ಒಪ್ಪಿಸಲು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಪಟ್ಟ ಪಾಡು ನೆನೆದರೆ ನನಗೆ ಇವತ್ತಿಗೂ ಅವರ ಮೇಲೆ ಗೌರವ ಹೆಚ್ಚುತ್ತದೆ. ಅಯಾನು ಎಂಬ ಹೆಸರನ್ನು ಮೈಕೆಲ್ ಫ್ಯಾರಡೆ 1834ರಲ್ಲೇ ಬಳಕೆಗೆ ತಂದಿದ್ದರು. ಆದರೆ ವಿದ್ಯುತ್ ಹರಿಸಿದಾಗ ಮಾತ್ರ ಅಯಾನುಗಳು ಹುಟ್ಟುತ್ತವೆ ಎಂಬ ನಂಬಿಕೆಯಿತ್ತು. ಉಪ್ಪು ಕರಗಿದೊಡನೆ, ವಿದ್ಯುತ್ತಿನ ಹಂಗಿಲ್ಲದೆ, ತಾನಾಗಿ ಬೇರೆಯಾಗುತ್ತದೆ ಎಂಬ ವಿಚಾರ ಅರೇನಿಯಸ್‌ದು. ಅದಕ್ಕೆ ಬುನಾದಿಯಾದ ಅವರ ಪ್ರಬಂಧಕ್ಕೆ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಕೊಟ್ಟದ್ದು ತೀರಾ ಕೆಳಗಿನ ದರ್ಜೆ. ನೀರಿನಲ್ಲಿ ಸೋಡಿಯಂ ಇದ್ದೂ ಸುಮ್ನಿರುತ್ತದೆಯೇ ಎಂದು ಆಗಿನ ಎಷ್ಟೋ ರಸಾಯನಶಾಸ್ತ್ರಜ್ಞರು ಕೇಳಿದರು. ನ್ಯಾಯವಾದ ಪ್ರಶ್ನೆಯೇ, ಅಲ್ವಾ? ಉತ್ತರ ಕೊಡಲು ಬೇಕಿದ್ದ ಎಲೆಕ್ಟ್ರಾನನ್ನೇ ಯಾರೂ ಇನ್ನೂ ಕಂಡಿರಲಿಲ್ಲ. ಅದು ಜೆ. ಜೆ. ಥಾಮ್ಸನ್ ಕೈಗೆ ಸಿಕ್ಕಿದ್ದು 1897ರಲ್ಲಿ. 1903ರಲ್ಲಿ ಅರೇನಿಯಸ್‌ಗೆ ನೊಬೆಲ್ ಬಂತು.

ಪಠ್ಯಪುಸ್ತಕದಲ್ಲಿ ಅಯಾನಿನ ತಲೆಯ ಮೇಲೊಂದು ಪುಟ್ಟ ಕೂಡುವ ಚಿಹ್ನೆ ಹಾಕಿ ಮುಂದೆ ಹೋಗುತ್ತೇವೆ. ಆ ಚಿಹ್ನೆಯ ಬಲ ಎಷ್ಟೆಂದು ಮಕ್ಕಳಿಗೆ ಹೇಳಬೇಕು ಅನ್ನಿಸುತ್ತದೆ. ಒಂದು ಸಣ್ಣ ಚಮಚ, ಅಂದರೆ ಸುಮಾರು 6 ಗ್ರಾಂ ಉಪ್ಪಿನ ಸೋಡಿಯಂ ಅಯಾನುಗಳ ಆವೇಶವನ್ನೆಲ್ಲ ಕೂಡಿಸಿದರೆ ಹತ್ತಿರ ಹತ್ತಿರ 10,000 ಕೂಲಂಬ್ (ಕೂಲಂಬ್ ಅಂದರೆ ಆವೇಶ ಅಳೆಯುವ ಮಾನ). 5000 ಮಿಲಿಆಂಪಿಯರ್ ಅವರ್‌ನ ಮೊಬೈಲ್ ಬ್ಯಾಟರಿ ಪೂರ್ತಿ ಖಾಲಿಯಾಗುವಾಗ ಹರಿಯುವುದೇ 18,000 ಕೂಲಂಬ್. ಅದೇ ಚಮಚದಲ್ಲಿ ಅಷ್ಟೇ ಕ್ಲೋರೈಡ್ ಇರುವುದರಿಂದ ನಮಗೆ ಶಾಕ್ ಹೊಡೆಯುವುದಿಲ್ಲ.

ನಮ್ಮ ನರಗಳು ಈ ಸಮತೋಲನವನ್ನು ಸ್ವಲ್ಪವೇ ತಪ್ಪಿಸಿ ಕೆಲಸ ಮಾಡುತ್ತವೆ. ಸುಮ್ಮನಿರುವ ನರಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ಸಂದೇಶ ಬಂದಾಗ ಕೋಶದ ಪೊರೆಯಲ್ಲಿನ ದಾರಿಗಳು ತೆರೆದುಕೊಳ್ಳುತ್ತವೆ, ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ಹೀಗೆ ಒಳಬಂದ ಸೋಡಿಯಂ ಅನ್ನು ಹೊರಹಾಕಲು ಪೊರೆಯಲ್ಲೇ ಒಂದು ಪಂಪ್ ಇದೆ. ಪ್ರತಿ ಸುತ್ತಿಗೂ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು. ನಮ್ಮ ಮೆದುಳು ಖರ್ಚು ಮಾಡುವ ಶಕ್ತಿಯಲ್ಲಿ ದೊಡ್ಡ ಪಾಲು ಹೋಗುವುದು ಈ ಪಂಪಿಗೇ.