ಅಪ್‌ಡೇಟ್ ಕೈಕೊಟ್ಟಾಗ ಮೊದಲು ಕೋಡ್ ಓದಿ

ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಪರದೆಯ ಮೇಲೆ ಒಂದು ಉದ್ದನೆಯ ಎರರ್ ಕೋಡ್ ಬರುತ್ತದೆ. ಹೆಚ್ಚಿನವರು ಅದರ ಕಡೆ ನೋಡದೆ ಮತ್ತೆ ಮತ್ತೆ ರಿಟ್ರೈ ಒತ್ತುತ್ತಾರೆ. ಆ ಕೋಡನ್ನು ಸಮಾಧಾನವಾಗಿ ಓದಿದರೆ ಅರ್ಧ ಕೆಲಸ ಮುಗಿದ ಹಾಗೆ.

80070070 ಅನ್ನೋದನ್ನೇ ತೆಗೆದುಕೊಳ್ಳಿ. ಇದರ ಮುಂದೆ ಸೊನ್ನೆ ಮತ್ತು ಎಕ್ಸ್ ಇರುತ್ತದೆ. ಇದು ಹದಿನಾರರ ಲೆಕ್ಕದ ಸಂಖ್ಯೆ ಅನ್ನುವುದಕ್ಕೆ ಅದು ಗುರುತು, ಅಷ್ಟೆ. ಮೊದಲ 8 ಅಂದರೆ ಕೆಲಸ ಕೆಟ್ಟಿದೆ. ಆಮೇಲಿನ 007 ಅಂದರೆ ತೊಂದರೆ ವಿಂಡೋಸ್‌ನ ಮೂಲ ದೋಷಪಟ್ಟಿಗೆ ಸೇರಿದ್ದು. ನಿಜವಾದ ಸುದ್ದಿ ಇರುವುದು ಕೊನೆಯ ನಾಲ್ಕು ಅಂಕಿಗಳಲ್ಲಿ. 0070 ಅಂದರೆ ಹದಿನಾರೇಳಲೆ 112. ಪಟ್ಟಿಯಲ್ಲಿ 112 ಅಂದರೆ ಡಿಸ್ಕ್‌ನಲ್ಲಿ ಜಾಗ ಸಾಲದು!

ಜಾಗ ಮಾಡಲು ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಟೆಂಪರರಿ ಫೈಲ್ಸ್ ತೆರೆಯಿರಿ. ಅಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕೂಡ ಪಟ್ಟಿಯಲ್ಲಿರುತ್ತದೆ, ಜೋಪಾನ. ಸುಮ್ನೆ ಎಲ್ಲಕ್ಕೂ ಟಿಕ್ ಹಾಕಿದರೆ ನೀವು ಇಳಿಸಿಟ್ಟುಕೊಂಡ ಕಡತಗಳೂ ಹೋಗುತ್ತವೆ.

80072ಎಫ್8ಎಫ್ ಬಂದರೆ ಮೊದಲು ಗಡಿಯಾರ ನೋಡಿ. ಸರ್ವರ್ ತನ್ನ ಗುರುತಿಗಾಗಿ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದು ಎಂದಿನಿಂದ ಎಂದಿನವರೆಗೆ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ ಅದನ್ನು ತನ್ನ ತಾರೀಖಿನ ಜೊತೆ ತಾಳೆ ನೋಡುತ್ತದೆ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತರೆ, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸರಿಯಾದ ಸರ್ಟಿಫಿಕೇಟನ್ನೂ ಅದು ನಂಬುವುದಿಲ್ಲ. ತಾರೀಖು ಸರಿಮಾಡಿ. ಮತ್ತೆ ಮತ್ತೆ ತಪ್ಪುತ್ತಿದ್ದರೆ ಬ್ಯಾಟರಿ ಬದಲಿಸಿ.

80072ಇಇ2 ಅಂದರೆ ಸರ್ವರ್ ಸಮಯಕ್ಕೆ ಉತ್ತರ ಕೊಡಲಿಲ್ಲ. ನೆಟ್ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.

ಇಳಿಸಿಕೊಂಡ ಅಪ್‌ಡೇಟ್ ಕಡತವೇ ಹಾಳಾಗಿರುವುದೂ ಉಂಟು. ಆಗ ಸರ್ವಿಸಸ್‌ನಲ್ಲಿ, ಅಂದರೆ ಹಿನ್ನೆಲೆಯಲ್ಲಿ ಓಡುವ ಕೆಲಸಗಳ ಪಟ್ಟಿಯಲ್ಲಿ, ವಿಂಡೋಸ್ ಅಪ್‌ಡೇಟನ್ನು ನಿಲ್ಲಿಸಿ. ವಿಂಡೋಸ್ ಫೋಲ್ಡರಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಒಳಗೆ ಡೌನ್‌ಲೋಡ್ ಅಂತ ಇರುತ್ತದೆ. ಅದರಲ್ಲಿರುವುದನ್ನೆಲ್ಲ ಅಳಿಸಿ, ಸರ್ವಿಸ್ ಮತ್ತೆ ಶುರುಮಾಡಿ. ಬೇಕಾದ್ದನ್ನು ವಿಂಡೋಸ್ ತಾನೇ ಹೊಸದಾಗಿ ಇಳಿಸಿಕೊಳ್ಳುತ್ತದೆ.

ಸಿಸ್ಟಂ ಕಡತಗಳೇ ಕೆಟ್ಟಿದ್ದರೆ, ಅವನ್ನು ನೋಡಿ ಸರಿಮಾಡುವ ಎಸ್‌ಎಫ್‌ಸಿ ಅನ್ನೋ ಕಮಾಂಡ್ ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಡಿಸ್ಮ್ ಅನ್ನೋ ಇನ್ನೊಂದು ಕಮಾಂಡ್ ಮೊದಲು ಓಡಬೇಕು. ಯಾಕೆಂದರೆ ಎಸ್‌ಎಫ್‌ಸಿ ಕೆಟ್ಟ ಕಡತದ ಜಾಗಕ್ಕೆ ಒಳ್ಳೆಯ ಪ್ರತಿ ತರುವುದು ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಸಂಗ್ರಹದಿಂದ. ಆ ಸಂಗ್ರಹವೇ ಹಾಳಾಗಿದ್ದರೆ ಅದು ತಾನೆ ಏನು ಮಾಡೀತು? ಡಿಸ್ಮ್‌ನ ರಿಸ್ಟೋರ್‌ಹೆಲ್ತ್ ಆಯ್ಕೆ ಮೊದಲು ಸಂಗ್ರಹವನ್ನು ರಿಪೇರಿ ಮಾಡುತ್ತದೆ. ಅದಕ್ಕೆ ಸಾಮಾನ್ಯವಾಗಿ ನೆಟ್ ಬೇಕು. ಶೇಕಡಾ ಲೆಕ್ಕ ಒಂದೇ ಕಡೆ ತುಂಬಾ ಹೊತ್ತು ನಿಲ್ಲಬಹುದು, ವಿಂಡೋ ಮುಚ್ಚಬೇಡಿ.

ಕೋಡ್ ಎಲ್ಲ ಸಲವೂ ಪೂರ್ತಿ ಕಥೆ ಹೇಳುವುದಿಲ್ಲ ಅನ್ನುವುದೂ ನಿಜ. 2024ರ ಜನವರಿಯಲ್ಲಿ ವಿಂಡೋಸ್ 10ರ ಕೆಬಿ5034441 ಅನ್ನೋ ಸಂಖ್ಯೆಯ ಅಪ್‌ಡೇಟ್ ಬಹಳ ಜನರಿಗೆ 80070643 ತೋರಿಸಿತು. ಅದರ ಅರ್ಥ ಬರೀ 'ಇನ್‌ಸ್ಟಾಲ್ ಆಗಲಿಲ್ಲ'. ನಿಜವಾಗಿ ರಿಕವರಿ ಪಾರ್ಟಿಷನ್‌ನಲ್ಲಿ, ಅಂದರೆ ವಿಂಡೋಸ್ ಕೆಟ್ಟಾಗ ರಿಪೇರಿಗೆಂದು ಡಿಸ್ಕ್‌ನಲ್ಲಿ ಬೇರೆ ಇಟ್ಟಿರುವ ಭಾಗದಲ್ಲಿ, 250 ಎಂಬಿ ಖಾಲಿ ಜಾಗ ಬೇಕಿತ್ತು. ಸಿ ಡ್ರೈವ್‌ನಲ್ಲಿ ಎಷ್ಟೇ ಜಾಗವಿದ್ದರೂ ಉಪಯೋಗವಿರಲಿಲ್ಲ, ಯಾಕೆಂದರೆ ಅದು ಬೇರೆಯೇ ಪಾರ್ಟಿಷನ್. ಹೀಗಾದಾಗ ಕೆಬಿ ಸಂಖ್ಯೆಯನ್ನೂ ಬರೆದುಕೊಂಡು, ಆ ಅಪ್‌ಡೇಟ್ ಬಗ್ಗೆ ಮೈಕ್ರೋಸಾಫ್ಟ್ ಕೊಟ್ಟಿರುವ ವಿವರಣೆ ಹುಡುಕಿ. ಪಾರ್ಟಿಷನ್ ಮುಟ್ಟುವ ಮುಂಚೆ ಮಾತ್ರ ನಿಮ್ಮ ಫೋಟೊ, ಕಾಗದಪತ್ರಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.