ಬೆಟ್ಟದ ಒಡವೆಯಲ್ಲಿ ಕಡಲಿನ ಮುತ್ತು

ಪಕ್ಕದ ಮನೆಯ ಅಜ್ಜಿಯ ಕೊಕ್ಕೆತಾತಿಯಲ್ಲಿ, ಅಂದರೆ ಕೊಡವರ ಕೊರಳಿನ ಒಡವೆಯಲ್ಲಿ, ಅಂಚಿನ ಮುತ್ತುಗಳೆಲ್ಲ ಮಂಕಾಗಿದ್ದವು. ಚಿನ್ನ ಹೊಸದರ ಹಾಗೆ ಹೊಳೆಯುತ್ತಿತ್ತು, ಕೆಂಪು ಕಲ್ಲುಗಳಿಗೆ ಏನೂ ಆಗಿರಲಿಲ್ಲ. ಮುತ್ತು ಮಾತ್ರ ಸುಣ್ಣದ ಕಾಳಿನಂತಿತ್ತು. "ಪ್ರತಿ ಮದುವೆಗೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೀತೀನಿ ಮಗ, ಆದರೂ ಹೀಗಾಯ್ತು ನೋಡು" ಎಂದರು. ತೊಳೆದದ್ದರಿಂದಲೇ ಹಾಗಾಯಿತು ಎಂದು ಹೇಳಬೇಕಿತ್ತು. ಎಂಬತ್ತು ದಾಟಿದ ಹಿರಿಯರಿಗೆ ಅಷ್ಟು ಹೇಳಬೇಕಾದರೆ ನನಗೇ ಕಾರಣ ಸರಿಯಾಗಿ ತಿಳಿದಿರಬೇಕಲ್ಲ. ಓದುತ್ತಾ ಬರೆದುಕೊಂಡದ್ದು ಈ ಟಿಪ್ಪಣಿ. ನನ್ನ ಹಾಗೆ ಆಭರಣ ವಿನ್ಯಾಸ ಕಲಿಯುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ಹಂಚಿಕೊಳ್ಳುತ್ತಿದ್ದೇನೆ.

ಪರೀಕ್ಷೆಗೆ ಓದುವಾಗ ನಾವು ಎರಡು ಪಟ್ಟಿ ಮಾಡಿಕೊಳ್ಳುತ್ತೇವೆ. ಒಂದರಲ್ಲಿ ಗಡಸುತನ, ಸಾಂದ್ರತೆ, ರಾಸಾಯನಿಕ ಸಂಯೋಜನೆ. ಇನ್ನೊಂದರಲ್ಲಿ ಶುದ್ಧತೆ, ಚಂದ್ರ, ಕಣ್ಣೀರು, ಸೌಭಾಗ್ಯ. ಮುತ್ತಿನ ಮಟ್ಟಿಗೆ ಈ ಎರಡು ಪಟ್ಟಿಗಳನ್ನು ಬೇರೆ ಇಡಬಾರದು ಎಂಬುದು ನನ್ನ ಅಭಿಪ್ರಾಯ. ಎರಡನೆಯ ಪಟ್ಟಿಯ ಒಂದೊಂದು ಪದವೂ ಮೊದಲನೆಯ ಪಟ್ಟಿಯಿಂದ ಹುಟ್ಟಿದೆ.

ಚಿಪ್ಪಿನೊಳಗೆ ಆಗುವುದೇನು

ಚಿಪ್ಪಿನೊಳಗಿನ ಮೃದ್ವಂಗಿಗೆ ಮೈಹೊದಿಕೆಯಂಥ ಒಂದು ಪದರವಿದೆ. ಚಿಪ್ಪನ್ನು ಕಟ್ಟುವುದು ಅದೇ. ಆ ಪದರದ ಕೆಲವು ಜೀವಕೋಶಗಳು ಯಾವುದೋ ಪರಾವಲಂಬಿ ಹುಳುವಿನ ಕಾಟದಿಂದಲೋ ಗಾಯದಿಂದಲೋ ಮಾಂಸದ ಒಳಕ್ಕೆ ಸೇರಿಕೊಂಡರೆ, ಅಲ್ಲೊಂದು ಪುಟ್ಟ ಚೀಲವಾಗುತ್ತದೆ. ಚಿಪ್ಪು ಕಟ್ಟುವ ಕೆಲಸವನ್ನು ಆ ಕೋಶಗಳು ಚೀಲದೊಳಗೂ ನಿಲ್ಲಿಸುವುದಿಲ್ಲ. ಸುತ್ತ ಸುತ್ತ ಪದರ ಬೆಳೆದು ಮುತ್ತಾಗುತ್ತದೆ. ಮರಳಿನ ಕಣ ಹೊಕ್ಕು ಮುತ್ತಾಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದನ್ನು ಇಲ್ಲಿ ತಿದ್ದಿಕೊಳ್ಳಿ. ಕಡಲ ತಳದಲ್ಲೇ ಬಾಳುವ ಪ್ರಾಣಿಗೆ ಮರಳನ್ನು ಹೊರಹಾಕುವುದು ಗೊತ್ತು.

ಪದರದ ಕಟ್ಟೋಣ ನೋಡುವಂಥದು. ಅರಗೊನೈಟ್ ಎಂಬ ರೂಪದ ಕ್ಯಾಲ್ಸಿಯಂ ಕಾರ್ಬೋನೇಟಿನ ಹಲಗೆಗಳು, ಒಂದೊಂದೂ ಸುಮಾರು ಅರ್ಧ ಮೈಕ್ರೋಮೀಟರ್ ದಪ್ಪ. ಅವುಗಳ ನಡುವೆ ಗಾರೆಯ ಹಾಗೆ ತೆಳ್ಳಗೆ ಪ್ರೋಟೀನು. ಇಟ್ಟಿಗೆ ಗೋಡೆಯನ್ನು ನೆನೆಸಿಕೊಳ್ಳಿ. ಈ ಹಲಗೆಯ ದಪ್ಪವೂ ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಬೇರೆ ಬೇರೆ ಪದರಗಳಿಂದ ಮರಳಿ ಬರುವ ಬೆಳಕು ಒಂದಕ್ಕೊಂದು ಕೂಡಿ, ಕಳೆದು, ಮೇಲೆ ಗುಲಾಬಿ, ಹಸಿರು, ನೀಲಿಯ ತೆಳು ಛಾಯೆ ಆಡುತ್ತದೆ. ವಜ್ರ ಬೆಳಕನ್ನು ಮುರಿದು ಎಸೆಯುತ್ತದೆ. ಮುತ್ತು ಬೆಳಕನ್ನು ಒಳಗೆ ಬಿಟ್ಟುಕೊಂಡು ನಿಧಾನವಾಗಿ ಹಿಂದಕ್ಕೆ ಕೊಡುತ್ತದೆ.

ಇದನ್ನು ಕಣ್ಣಾರೆ ಕಾಣಲು ಕೊಡಗಿನಷ್ಟು ಒಳ್ಳೆಯ ಜಾಗ ಇಲ್ಲ ಎನಿಸುತ್ತದೆ ನನಗೆ. ಮಳೆ ಸುರಿಯುವ ಆಟಿ ತಿಂಗಳ ಮಡಿಕೇರಿಯಲ್ಲಿ, ಮಂಜು ಕಿಟಕಿಗೆ ಆನಿಕೊಂಡಿರುವ ಬೆಳಗ್ಗೆ, ಒಂದು ವಜ್ರದ ಮೂಗುತಿಯನ್ನೂ ಒಂದು ಮುತ್ತಿನ ಓಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಚುಚ್ಚುವ ಬೆಳಕಿಲ್ಲದೆ ವಜ್ರ ಸಪ್ಪೆಯಾಗುತ್ತದೆ. ಮುತ್ತು ಆ ಹರಡಿದ ಬೆಳಕಿನಲ್ಲೇ ತುಂಬಿಕೊಳ್ಳುತ್ತದೆ. ಬಿಸಿಲಿಗಿಂತ ಬೆಳದಿಂಗಳಿಗೆ ಇದರ ನಂಟು ಹೆಚ್ಚು ಎಂದು ಮೊದಲು ಹೇಳಿದವರು ಕವಿತ್ವಕ್ಕಾಗಿ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದರು. ನವರತ್ನಗಳಲ್ಲಿ ಚಂದ್ರನ ಪಾಲಿಗೆ ಮುತ್ತು ಬಂದದ್ದು ಹೀಗೆ. ಕೊಕ್ಕೆತಾತಿಯ ಪದಕ ಅರ್ಧಚಂದ್ರದ ಆಕಾರದ್ದು, ನಾನು ನೋಡಿದ್ದರಲ್ಲಿ ಅದರ ಅಂಚಿಗೆ ಸಣ್ಣ ಮುತ್ತು ಕೂರಿಸಿತ್ತು. ಎರಡೂ ಒಂದೇ ಮಾತನ್ನು ಹೇಳುತ್ತಿವೆ ಎಂಬುದು ನನ್ನ ಓದು.

ಸಾಣೆ ಕಾಣದ ರತ್ನ

ಕೆಂಪು, ಪಚ್ಚೆ, ವಜ್ರ ಯಾವುದೇ ಇರಲಿ, ನೆಲದಿಂದ ಬಂದಾಗ ಕಲ್ಲು. ಕತ್ತರಿಸಿ ಸಾಣೆ ಹಿಡಿದ ಮೇಲೆ ರತ್ನ. ಮುತ್ತು ಹುಟ್ಟುವಾಗಲೇ ಪೂರ್ತಿಯಾಗಿ ಹುಟ್ಟುತ್ತದೆ. ಮನುಷ್ಯನ ಕೈ ಮಾಡಬೇಕಾದದ್ದು ಒಂದು ತೂತು ಮಾತ್ರ. ಕನ್ಯತ್ವ, ಕಳಂಕವಿಲ್ಲದ ಮಾತು, ಒಳ್ಳೆಯ ನಡತೆ ಎಂಬ ಅರ್ಥಗಳೆಲ್ಲ ಮುತ್ತಿಗೆ ಅಂಟಿಕೊಂಡದ್ದು ಇದರಿಂದ. ಎಲ್ಲ ಕಡೆಯೂ ದುಂಡಾಗಿ ದೋಷವಿಲ್ಲದೆ ಇರುವುದಕ್ಕೆ ಕನ್ನಡದಲ್ಲಿ ಆಣಿಮುತ್ತು ಎಂಬ ಮಾತಿದೆ. ಹಿರಿಯರ ತೂಕದ ಮಾತನ್ನೂ ನಾವು ಆಣಿಮುತ್ತು ಎನ್ನುತ್ತೇವೆ. ಅಕ್ಷರ ಚೆನ್ನಾಗಿದ್ದರೆ ಮುತ್ತು ಪೋಣಿಸಿದ ಹಾಗೆ. ಮಗುವಿಗೆ ಕೊಡುವುದೂ ಮುತ್ತೇ.

ಮುತ್ತೈದೆ ಎಂಬ ಪದಕ್ಕೆ 'ಐದು ಮುತ್ತುಗಳನ್ನು ಉಳ್ಳವಳು' ಎಂದು ಅರ್ಥ ಹೇಳಿ ಅರಿಸಿನ, ಕುಂಕುಮ, ಬಳೆ, ತಾಳಿ, ಕಾಲುಂಗುರ ಎಂದು ಎಣಿಸುವುದನ್ನು ಕೇಳಿರುತ್ತೀರಿ. ಚೆಂದದ ವಿವರಣೆ, ಆದರೆ ಐದೆ ಎಂಬ ಪದಕ್ಕೇ ಸುಮಂಗಲಿ ಎಂಬ ಅರ್ಥವಿದೆ, ಐದೆತನ ಎಂಬ ಮಾತೂ ಬಳಕೆಯಲ್ಲಿದೆ. ಎಣಿಕೆ ಆಮೇಲೆ ಸೇರಿಕೊಂಡದ್ದು. ಹಾಗೆಯೇ ಮುತ್ತಜ್ಜ, ಮುತ್ತಜ್ಜಿಯಲ್ಲಿರುವ 'ಮುತ್ತ' ಬೇರೆ, ಅದು ವಯಸ್ಸಾದದ್ದು, ಬಲಿತದ್ದು. ನಮ್ಮ ಜಿಲ್ಲೆಯಲ್ಲಿ ಮುತ್ತಮ್ಮ, ಮುತ್ತಣ್ಣ, ಮುತ್ತಪ್ಪ ಎಂಬ ಹೆಸರುಗಳು ಮನೆಮನೆಯಲ್ಲೂ ಇರುವುದರಿಂದ ಈ ವ್ಯತ್ಯಾಸ ನೆನಪಿರಲಿ. ಎಲ್ಲ ಮುತ್ತಪ್ಪಂದಿರನ್ನೂ ಕಡಲಿಗೆ ಕಳಿಸುವಂತಿಲ್ಲ. ಇನ್ನೊಂದು ವಿಷಯ: ಸಂಸ್ಕೃತದ 'ಮುಕ್ತಾ' ದ್ರಾವಿಡದ 'ಮುತ್ತು'ವಿನಿಂದಲೇ ಆದದ್ದು ಎಂದು ಹಲವು ಭಾಷಾ ವಿದ್ವಾಂಸರು ಹೇಳುತ್ತಾರೆ. ಮುತ್ತು ದೊರೆಯುತ್ತಿದ್ದ ಕಡಲು ದಕ್ಷಿಣದ್ದಾಗಿರುವಾಗ ಇದು ಸಹಜವಾಗಿಯೇ ಕಾಣುತ್ತದೆ.

ಕಾವೇರಿಯ ಎರಡು ತುದಿ

ಕಡಲೇ ಇಲ್ಲದ ಜಿಲ್ಲೆಯ ಒಡವೆಯಲ್ಲಿ ಮುತ್ತು ಎಲ್ಲಿಂದ ಬಂತು? ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಓದು ಈ ಭಾಗದ್ದು.

ಭಾರತದ ಹಳೆಯ ಮುತ್ತಿನ ಕಡಲು ಮನ್ನಾರ್ ಕೊಲ್ಲಿ. ತಾಮ್ರಪರ್ಣಿ ನದಿಯ ಮುಖದಲ್ಲಿದ್ದ ಕೊರ್ಕೈ ಪಾಂಡ್ಯರ ಬಂದರು, ಆಮೇಲೆ ಆ ಕೆಲಸ ತೂತ್ತುಕುಡಿಗೆ ಬಂತು. ಅರ್ಥಶಾಸ್ತ್ರ ಮುತ್ತಿನ ಮೂಲಗಳನ್ನು ಹೇಳುವಾಗ ತಾಮ್ರಪರ್ಣಿಯ ಮುತ್ತನ್ನೇ ಮೊದಲು ಹೆಸರಿಸುತ್ತದೆ. ಎಳೆಗಳ ಲೆಕ್ಕದಲ್ಲಿ ಹಾರಗಳಿಗೆ ಹೆಸರನ್ನೂ ಕೊಡುತ್ತದೆ. 1008 ಎಳೆಯದು ಇಂದ್ರಚ್ಛಂದ. ಇಪ್ಪತ್ತೇಳರ ಲೆಕ್ಕದ್ದು ನಕ್ಷತ್ರಮಾಲೆ. ಮುತ್ತನ್ನು ಆಕಾಶದ ಜೊತೆ ಇಟ್ಟು ನೋಡುವ ಅಭ್ಯಾಸ ಅಕ್ಕಸಾಲಿಗರ ಲೆಕ್ಕದೊಳಗೂ ಹೊಕ್ಕಿತ್ತು.

ಇನ್ನು ತಲಕಾವೇರಿಯಿಂದ ನೀರಿನ ಜೊತೆ ಇಳಿಯಿರಿ. ಕಾವೇರಿ ಕಡಲು ಸೇರುವಲ್ಲಿ ಪೂಂಪುಹಾರ್, ಹಳೆಯ ಕಾವೇರಿಪಟ್ಟಣ. ಆ ಬಂದರಿನ ಬೀದಿಯಲ್ಲಿ ರಾಶಿ ಬಿದ್ದಿದ್ದ ಸರಕನ್ನು ಸಂಗಂ ಕಾಲದ ತಮಿಳು ಕಾವ್ಯ ಪಟ್ಟಿನಪ್ಪಾಲೈ ಎಣಿಸುತ್ತದೆ. ಅದರಲ್ಲಿ ತೆಂಕಣ ಕಡಲಿನ ಮುತ್ತು ಇದೆ, ಮೂಡಣ ಕಡಲಿನ ಹವಳ ಇದೆ, ಕುಡಮಲೆಯಲ್ಲಿ ಹುಟ್ಟಿದ ಗಂಧ ಮತ್ತು ಅಗಿಲು ಇವೆ. ಕುಡಮಲೆ ಎಂದರೆ ಪಡುವಣ ಬೆಟ್ಟ, ನಮ್ಮ ಸಹ್ಯಾದ್ರಿಯ ಸಾಲು. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಬೆಟ್ಟದ ಗಂಧವೂ ಕಡಲಿನ ಮುತ್ತು ಹವಳಗಳೂ ಒಂದೇ ನದಿಯ ತುದಿಯಲ್ಲಿ, ಒಂದೇ ಸಂತೆಯಲ್ಲಿ ಅಕ್ಕಪಕ್ಕ ಇದ್ದವು.

ಈಗ ಕೊಡವರ ಪತ್ತಾಕನ್ನು ನೋಡಿ. ಚಿನ್ನದ ನಾಣ್ಯ, ಸುತ್ತ ಕೆಂಪು, ಮೇಲೆ ನಾಗರಹೆಡೆ. ಪಕ್ಕದ ಮನೆಯಲ್ಲಿ ನಾನು ಕೈಯಲ್ಲಿ ಹಿಡಿದದ್ದಕ್ಕೆ ಕೆಳತುದಿಯಲ್ಲೊಂದು ಮುತ್ತು ತೂಗುತ್ತಿತ್ತು, ಸರದಲ್ಲಿ ಚಿನ್ನದ ಗುಂಡಿನ ಜೊತೆ ಹವಳವಿತ್ತು. ಮದುವೆಯಲ್ಲಿ ಇದನ್ನು ಮಗಳ ಕೊರಳಿಗೆ ಕಟ್ಟುವವಳು ತಾಯಿ. ಬೇರೆ ಕಡೆ ಗಂಡ ಕಟ್ಟುವ ತಾಳಿಯ ಜಾಗದಲ್ಲಿ ಇಲ್ಲಿ ತಾಯಿಯ ಕೈ ಇದೆ. ತಾನು ಬದುಕಿರುವಾಗ ಮೈಯೊಳಗೆ ಕಟ್ಟಿದ್ದನ್ನು ಬಿಟ್ಟುಹೋಗುವ ಜೀವದ ಗುರುತು ಆ ತುದಿಯಲ್ಲಿರುವುದು ನನಗೆ ಬಹಳ ಒಪ್ಪುತ್ತದೆ.

ಸ್ವಾತಿ ಮಳೆ

ಸ್ವಾತಿ ನಕ್ಷತ್ರದ ಮಳೆಹನಿ ಬಾಯಿತೆರೆದ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಗೊತ್ತು. ನಮ್ಮ ಮಳೆ ಲೆಕ್ಕದಲ್ಲಿ ಸ್ವಾತಿ ಹುಟ್ಟುವುದು ಅಕ್ಟೋಬರ್ 24ರ ಸುಮಾರಿಗೆ. ಅಂದರೆ ತುಲಾ ಸಂಕ್ರಮಣದ ತೀರ್ಥೋದ್ಭವ ಕಳೆದು ಒಂದು ವಾರಕ್ಕೆ. ಪ್ರಾಚೀನ ರೋಮಿನ ಲೇಖಕ ಪ್ಲಿನಿಯೂ ಚಿಪ್ಪು ಇಬ್ಬನಿಯನ್ನು ಕುಡಿದು ಮುತ್ತು ಹೊರುತ್ತದೆ ಎಂದೇ ಬರೆದಿದ್ದಾನೆ. ಹನಿಯ ಆಕಾರ, ಹನಿಯ ಬಣ್ಣ, ನೀರಿನಲ್ಲಿ ಹುಟ್ಟು: ಇಷ್ಟನ್ನು ಕಂಡವರಿಗೆ ಬೇರೆ ಊಹೆ ಬರುವುದು ಕಷ್ಟ. ಅದೇ ಹನಿ ಕಣ್ಣಿನದಾದರೆ ಕಣ್ಣೀರು. 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿಯ ಕಾಲದ ಶೋಕದ ಒಡವೆಗಳಲ್ಲಿ ಸಾಸಿವೆಯಂಥ ಮುತ್ತುಗಳು ಕಣ್ಣೀರಿಗಾಗಿಯೇ ಕೂತಿವೆ. ಮದುವೆಗೆ ಮುತ್ತು ಬೇಡ, ಅಳು ತರುತ್ತದೆ ಎನ್ನುವವರು ಪಶ್ಚಿಮದಲ್ಲಿದ್ದಾರೆ. ನಮ್ಮಲ್ಲಿ ಮುತ್ತಿಲ್ಲದೆ ಮದುವೆ ಕಳೆಗಟ್ಟುವುದಿಲ್ಲ.

ವರಾಹಮಿಹಿರನ ಬೃಹತ್ಸಂಹಿತೆ ಮುತ್ತು ಹುಟ್ಟುವ ಎಂಟು ಜಾಗ ಹೇಳುತ್ತದೆ: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಎಂಬ ಮಹಾಮೀನು, ಹಂದಿ. ಮೋಡವನ್ನೂ ಸೇರಿಸಿಕೊಂಡರೆ ಇವುಗಳಲ್ಲಿ ಐದು ನಮ್ಮ ಕಾಡಿನಲ್ಲೇ ಇವೆ! ಆದರೂ ಹೆಚ್ಚಾಗಿ ಸಿಗುವುದು ಚಿಪ್ಪಿನ ಮುತ್ತೇ ಎಂದು ಆತನೇ ಸೇರಿಸಿದ್ದಾನೆ.

ಬೆಲೆ ಬಿದ್ದ ಕಥೆ

ಚುಟುಕಾಗಿ ಹೇಳುತ್ತೇನೆ. 1917ರಲ್ಲಿ ಕಾರ್ಟಿಯೆ ಸಂಸ್ಥೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನ ಒಂದು ಬಂಗಲೆಯನ್ನು ಪಡೆದದ್ದು ಹತ್ತು ಲಕ್ಷ ಡಾಲರ್ ಬೆಲೆಯ, ಎರಡೆಳೆಯ ಮುತ್ತಿನ ಹಾರ ಮತ್ತು ನೂರು ಡಾಲರ್ ಕೊಟ್ಟು. ಅದೇ ಹಾರ 1957ರ ಹರಾಜಿನಲ್ಲಿ ಸುಮಾರು ಒಂದೂವರೆ ಲಕ್ಷ ಡಾಲರಿಗೆ ಹೋಯಿತು. ನಡುವೆ ಆದದ್ದು ಜಪಾನಿನ ಸಾಕಣೆ. ಮಿಕಿಮೊಟೊ ಕೊಕಿಚಿ 1893ರಲ್ಲಿ ಅರೆಗೋಳದ ಮುತ್ತು ಬೆಳೆದ. ಪೂರ್ಣಗೋಳದ ವಿಧಾನವನ್ನು ನಿಶಿಕಾವಾ ಮತ್ತು ಮಿಸೆ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. ಚಿಪ್ಪಿನಿಂದ ಕಡೆದ ಮಣಿಯನ್ನೂ ಮೈಹೊದಿಕೆಯ ಒಂದು ಚೂರನ್ನೂ ಪ್ರಾಣಿಯೊಳಗೆ ಇಡುವುದು, ಅಷ್ಟೇ. ಪರ್ಷಿಯನ್ ಕೊಲ್ಲಿಯ ಮುಳುಗುಗಾರರ ಬದುಕು 1930ರ ದಶಕದಲ್ಲಿ ಕುಸಿಯಿತು. ನಮ್ಮಲ್ಲಿ 1973ರಲ್ಲಿ ತೂತ್ತುಕುಡಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಸಾಕಣೆಯ ಮುತ್ತು ಬಂತು. ಭುವನೇಶ್ವರದ ಸಿಹಿನೀರು ಸಂಸ್ಥೆ ಕೆರೆಯ ಕಪ್ಪೆಚಿಪ್ಪಿನಲ್ಲೂ ಬೆಳೆದು ತೋರಿಸಿತು. ಸಾಕಣೆಯ ಮುತ್ತು ನಕಲಿ ಅಲ್ಲ, ಪದರ ಕಟ್ಟುವುದು ಅದೇ ಜೀವ. ನಕಲಿ ಎಂದರೆ ಗಾಜಿನ ಮಣಿಗೆ ಮೀನಿನ ಹುರುಪೆಯ ಮಿರುಗು ಬಳಿದದ್ದು. ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದರೆ ನಿಜವಾದದ್ದು ತರಿತರಿ ಎನ್ನುತ್ತದೆ, ಗಾಜು ಜಾರುತ್ತದೆ. ಸ್ವಾಭಾವಿಕವೋ ಸಾಕಣೆಯದೋ ಎಂದು ಖಚಿತವಾಗಿ ತಿಳಿಯಲು ಎಕ್ಸ್‌ರೇ ಬೇಕು.

ಕಾಚಂಪುಳಿಯಲ್ಲಿ ಒಂದು ಮುತ್ತು

ಕ್ಲಿಯೋಪಾತ್ರ ಮುತ್ತನ್ನು ಹುಳಿಯಲ್ಲಿ ಕರಗಿಸಿ ಕುಡಿದ ಕಥೆಯನ್ನೂ ಪ್ಲಿನಿಯೇ ಹೇಳುತ್ತಾನೆ. ನಮ್ಮ ಮನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಹುಳಿ ಇದೆಯಲ್ಲ. ತುಂಡಾಗಿದ್ದ ಅಗ್ಗದ ಸಿಹಿನೀರಿನ ಮುತ್ತೊಂದನ್ನು ಚಮಚದಲ್ಲಿಟ್ಟು ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸ, ಹನಿಸಿದೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಮರುದಿನ ತೊಳೆದು ನೋಡಿದರೆ ಹೊಳಪು ಪೂರ್ತಿ ಹೋಗಿತ್ತು. ಸುಣ್ಣದಕಲ್ಲಿನ ಮೇಲೆ ಆಮ್ಲ ಬಿದ್ದರೆ ಆಗುವುದೇ ಇದು, ಇಂಗಾಲದ ಡೈಆಕ್ಸೈಡ್ ಹೊರಟು ಪದರ ಸವೆಯುತ್ತದೆ. ಹುಣಸೆಹಣ್ಣು, ನಿಂಬೆರಸ, ಬೆವರು, ಸೆಂಟು, ಎಲ್ಲವೂ ನಿಧಾನವಾಗಿ ಇದೇ ಕೆಲಸ ಮಾಡುತ್ತವೆ.

ಗಡಸುತನವೂ ಕಡಿಮೆ. ಮೋಸ್ ಮಾಪನದಲ್ಲಿ ಕೆಂಪು 9, ಮುತ್ತು 2.5ರಿಂದ 4.5. ಮನೆಯ ಧೂಳಿನ ಮರಳು 7. ಒಣ ಬಟ್ಟೆಯಲ್ಲಿ ಒರಸಿದರೂ ಗೀರು ಬೀಳಬಹುದು. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ಈ ಅಂಕಿಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಚಿನ್ನ ಮುರಿದರೆ ಕರಗಿಸಬಹುದು, ಮುತ್ತಿಗೆ ಬೆಸುಗೆ ಇಲ್ಲ. ಅದಕ್ಕೇ ಮಾನ, ಮಾತು, ನಂಬಿಕೆ ಇವಕ್ಕೆ ಹೋಲಿಕೆಯಾಗಿ ನಿಂತದ್ದು ವಜ್ರವಲ್ಲ, ಮುತ್ತು.

ನಮ್ಮ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ತೇವಕ್ಕೆ ಪೋಣಿಸಿದ ರೇಷ್ಮೆದಾರ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ತೇವ ಹೋಗಲೆಂದು ಒಲೆಯ ಪಕ್ಕ ಇಟ್ಟರೆ ಮುತ್ತಿನೊಳಗಿನ ಸ್ವಲ್ಪ ನೀರೂ ಆರಿ ಬಿರುಕು ಬಿಡುತ್ತದೆ. ಮೆತ್ತನೆ ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕದೆ, ಬೇರೆ ಒಡವೆ ತಾಗದ ಹಾಗೆ ಇಡಬೇಕು. ಎಲ್ಲ ಅಲಂಕಾರ ಮುಗಿದ ಮೇಲೆ ಹಾಕಿ, ಬಿಚ್ಚುವಾಗ ಮೊದಲು ಬಿಚ್ಚಬೇಕು. ಒಂದೊಂದು ಮುತ್ತಿಗೂ ನಡುವೆ ಗಂಟು ಇರಲಿ. ದಾರ ಹರಿದರೂ ಹೋಗುವುದು ಒಂದೇ.

ಅಜ್ಜಿಗೆ ಚಮಚದ ಮುತ್ತನ್ನು ತೋರಿಸಿದೆ. ಬೆರಳಲ್ಲಿ ಉರುಳಿಸಿ ನೋಡಿ, "ಇಷ್ಟು ವರ್ಷ ನಾನೇ ತಿಂದು ಹಾಕಿದೆನಾ ಇದನ್ನ" ಎಂದು ಸುಮ್ಮನಾದರು. ಮಂಕಾದವನ್ನು ತೆಗೆದು ಹೊಸದು ಕೂರಿಸೋಣವೇ ಎಂದು ಕೇಳಿದೆ. ಬೇಡ, ಅವ್ವ ಹಾಕಿಸಿದ್ದು ಹಾಗೇ ಇರಲಿ ಎಂದರು. ವಿರಾಜಪೇಟೆಯ ಅಕ್ಕಸಾಲಿಗರ ಹತ್ತಿರ ಸಡಿಲವಾಗಿದ್ದ ಎರಡನ್ನು ಮಾತ್ರ ಬಿಗಿ ಮಾಡಿಸಿಕೊಂಡು ಬಂದಿದ್ದೇವೆ. ಸುಗ್ಗಿಯ ಹಬ್ಬ ಪುತ್ತರಿಗೆ ಸೊಸೆ ಅದನ್ನು ಹಾಕಿಕೊಳ್ಳುತ್ತಾಳಂತೆ.