ಎರಡು ಇಂಚು ಐದು ಸೆಂಟು

ಜೂನ್ ಬಂತೆಂದರೆ ಚಿಕ್ಕಮಗಳೂರು ಕಡೆಯ ತೋಟದವರು ಫೋನಿನಲ್ಲಿ ಮೊದಲು ಕೇಳುವುದು ‘ರಾತ್ರಿ ಮಳೆ ಎಷ್ಟು ಬಂತು?’ ಎಂದು. ‘ಎರಡು ಇಂಚು ನಲವತ್ತು ಸೆಂಟು’ ಎಂದು ಆ ಕಡೆಯಿಂದ ಉತ್ತರ ಬರುತ್ತದೆ. ಒಂದು ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ಇಲ್ಲಿನ ಮಕ್ಕಳ ಕಿವಿಗೆ ಈ ಲೆಕ್ಕ ಚಿಕ್ಕಂದಿನಿಂದಲೂ ಬೀಳುತ್ತಲೇ ಇರುತ್ತದೆ.

ಕಳೆದ ಮಳೆಗಾಲದಲ್ಲಿ 12 ವರ್ಷದ ಹುಡುಗಿಯೊಬ್ಬಳು ತನ್ನ ಮನೆಯ ಮಳೆ ಪಟ್ಟಿಯನ್ನು ನನ್ನ ತರಗತಿಗೆ ತಂದಳು. ಒಂದು ದಿನ ಎರಡು ಇಂಚು ಐದು ಸೆಂಟು ಬಂದಿತ್ತು. ಅವಳು 2.5 ಎಂದು ಬರೆದುಕೊಂಡಿದ್ದಳು. ಗುಡ್ಡದ ಆಚೆ ಬದಿಯ ಹುಡುಗನ ಪಟ್ಟಿಯಲ್ಲಿ ಅದೇ ದಿನ 2.10 ಇತ್ತು. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟಾಗ ಅವಳ ಗೆರೆ ಆ ಒಂದು ದಿನ ಮೇಲಕ್ಕೆ ಹಾರಿತ್ತು. ‘ನಮ್ಮನೆ ಕಡೆ ಜಾಸ್ತಿ ಮಳೆ’ ಅಂದಳು. ‘ಇಲ್ಲ, ಅವತ್ತು ನಿಮ್ಮಪ್ಪನೇ ನಮ್ಮಪ್ಪಂಗೆ ನಮ್ಮಲ್ಲಿ ಸ್ವಲ್ಪ ಕಡಿಮೆ ಅಂತ ಹೇಳಿದ್ರು’ ಅಂದ ಅವನು. ನಾನು ಸುಮ್ಮನೆ ಕೂತೆ. ಇಪ್ಪತ್ತು ನಿಮಿಷ ವಾದ ನಡೆಯಿತು. ಕೊನೆಗೆ ಅವಳೇ ಪಟ್ಟಿಯನ್ನು ಹಿಂದಕ್ಕೆ ತಿರುವಿ ಕೇಳಿದಳು: ‘ಎರಡು ಇಂಚು ಐವತ್ತು ಸೆಂಟು ಬಂದ ದಿನಾನೂ 2.5 ಅಂತಲೇ ಬರೆದಿದ್ದೀನಿ. ಎರಡೂ ಒಂದೇ ಹೇಗಾಗುತ್ತೆ?’

ದಶಮಾಂಶದ ಪಾಠವನ್ನು ಅವಳು ಮನೆಯಲ್ಲಿ ಎರಡು ವರ್ಷದ ಹಿಂದೆಯೇ ಮುಗಿಸಿದ್ದಳು. ಅಭ್ಯಾಸ ಪುಸ್ತಕದ ಲೆಕ್ಕಗಳೆಲ್ಲ ಸರಿ ಇದ್ದವು. ಆದರೆ 2.05 ಎಂದು ಬರೆಯುವಾಗ ನಡುವಿನ ಸೊನ್ನೆಗೆ ಏನು ಕೆಲಸ ಎಂಬುದು ಅವಳಿಗೆ ಹೊಳೆದದ್ದು ಆವತ್ತು.

ನಾನು ಹಲವು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಈಗ ಮನೆಯಲ್ಲೇ ಕಲಿಯುವ ಮಕ್ಕಳಿಗಾಗಿ ವಾರಕ್ಕೆ ಎರಡು ದಿನ ಪ್ರಾಜೆಕ್ಟ್ ತರಗತಿ ನಡೆಸುತ್ತೇನೆ. ಒಂಬತ್ತು ಮಕ್ಕಳಿದ್ದಾರೆ, 11ರಿಂದ 14 ವರ್ಷದವರು. ಶಾಲೆಯಲ್ಲಿದ್ದಿದ್ದರೆ ಆರು, ಏಳು, ಎಂಟನೇ ಕ್ಲಾಸು. ಕೆಲವರ ಅಪ್ಪ ಅಮ್ಮ ಬೆಂಗಳೂರು ಬಿಟ್ಟು ಇಲ್ಲಿ ತೋಟ ಮಾಡಿಕೊಂಡವರು. ಕೆಲವರಿಗೆ ಶಾಲೆ ದೂರ. ಇನ್ನು ಕೆಲವರಿಗೆ ಶಾಲೆ ಒಗ್ಗಲಿಲ್ಲ.

ಈ ವಯಸ್ಸಿನವರಿಗೆ ಮನೆ ಕಲಿಕೆಯಲ್ಲಿ ಏನು ಕಡಿಮೆ ಬೀಳುತ್ತದೆ ಎಂದು ಪೋಷಕರು ಕೇಳುತ್ತಾರೆ. ಸಿಲಬಸ್ ಎಂದು ಅವರೇ ಊಹಿಸಿಕೊಂಡೂ ಬಂದಿರುತ್ತಾರೆ. ನನಗೆ ಕಂಡದ್ದು ಬೇರೆ. ಮನೆಯಲ್ಲಿ ಮಗುವಿನ ಮಾತಿಗೆ ಅಡ್ಡ ಬರುವ ಸಮವಯಸ್ಕರು ಇರುವುದಿಲ್ಲ. ಅಮ್ಮನಿಗೆ ಮಗಳ ಮನಸ್ಸು ಗೊತ್ತು. ಅರ್ಧ ಹೇಳಿದರೂ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ. ತಪ್ಪಾದರೆ ತಕ್ಷಣ ತಿದ್ದುತ್ತಾಳೆ. ಏಳೆಂಟು ವರ್ಷದ ತನಕ ಇದು ದೊಡ್ಡ ವರ. ಹನ್ನೆರಡರ ಹೊತ್ತಿಗೆ ಮಗು ತನ್ನ ಮಾತನ್ನು ಪೂರ್ತಿ ಹೇಳಬೇಕು, ‘ಅದ್ಹೇಗೆ?’ ಎಂದು ಕೇಳುವವರ ಎದುರು ನಿಲ್ಲಬೇಕು. ಮಳೆ ಪಟ್ಟಿಯ ತಪ್ಪನ್ನು ಆವತ್ತು ನಾನೇ ತೋರಿಸಿದ್ದರೆ ಅವಳು ‘ಹೂಂ ಅಕ್ಕ’ ಎಂದು ತಿದ್ದಿಕೊಳ್ಳುತ್ತಿದ್ದಳು, ಅಷ್ಟೇ.

ಹಾಗಾಗಿ ನಮ್ಮಲ್ಲಿ ಒಂದು ಪ್ರಾಜೆಕ್ಟ್‌ಗೆ ಎಂಟು ವಾರ. ಮೊದಲ ವಾರ ಪೂರ್ತಿ ಪ್ರಶ್ನೆಗೇ ಹೋಗುತ್ತದೆ. ಪ್ರಶ್ನೆಗೆ ನಾನು ಇಡುವ ಷರತ್ತು ಒಂದೇ. ಅದರ ಉತ್ತರ ಪುಸ್ತಕದಲ್ಲೂ ಇರಬಾರದು, ನನಗೂ ಗೊತ್ತಿರಬಾರದು. ‘ಮಳೆ ಹೇಗೆ ಬರುತ್ತದೆ?’ ಎಂಬುದಕ್ಕೆ ಉತ್ತರ ಎಲ್ಲರ ಫೋನಿನಲ್ಲಿದೆ. ‘ನಮ್ಮ ಒಂಬತ್ತು ಮನೆಗಳಲ್ಲಿ ಯಾವ ಮನೆಗೆ ಹೆಚ್ಚು ಮಳೆ, ಯಾಕೆ?’ ಎಂದು ಕೇಳಿದರೆ ಅಳೆಯದೆ ಬೇರೆ ದಾರಿಯಿಲ್ಲ.

ಇದನ್ನು ಕಲಿಯಲು ನನಗೇ ಒಂದು ವರ್ಷ ಬೇಕಾಯಿತು. ಮೊದಲ ವರ್ಷ ಜ್ವಾಲಾಮುಖಿ, ಸೌರಮಂಡಲ, ಥರ್ಮೋಕೋಲ್ ಮನೆ, ಎಲ್ಲ ಮಾಡಿಸಿದೆ. ಕೊನೆಗೆ ಪ್ರದರ್ಶನವನ್ನೂ ಇಟ್ಟೆ. ಪೋಷಕರು ಖುಷಿಪಟ್ಟರು. ಒಂದು ತಿಂಗಳು ಬಿಟ್ಟು ಮಕ್ಕಳನ್ನು ಕೇಳಿದರೆ ಅಂಟು ಒಣಗಲು ಎಷ್ಟು ಹೊತ್ತು ಬೇಕು ಎಂಬುದು ಮಾತ್ರ ನೆನಪಿತ್ತು. ಮಾದರಿ ಮಾಡುವುದು ಕೈಕೆಲಸ. ಅದೂ ಬೇಕು, ಆದರೆ ಅದನ್ನೇ ಪ್ರಾಜೆಕ್ಟ್ ಎಂದು ಕರೆದು ಒಂದು ವರ್ಷ ಕಳೆದದ್ದು ನನಗೆ ಇಂದಿಗೂ ನೋವಿನ ವಿಷಯ.

ಮಳೆಗೆ ಮರಳೋಣ. ಅದರಲ್ಲಿ ಎಷ್ಟು ಸಿಗುತ್ತದೆ ನೋಡಿ. ತೋಟದ ಮನೆಗಳಲ್ಲಿ ಮಳೆಮಾಪಕ ಇದೆ. ಪೇಟೆಯ ಮಕ್ಕಳು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ, ತಮ್ಮದನ್ನು ತಾವೇ ಮಾಡಿಕೊಂಡರು. ಬಾಟಲಿಯ ತಳ ಸಮ ಇರುವುದಿಲ್ಲ, ಅಲ್ವಾ? ಅದಕ್ಕೆ ತಳಕ್ಕೆ ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ತುಂಬಿ, ಆ ಮಟ್ಟವನ್ನು ಸೊನ್ನೆ ಎಂದು ಗುರುತು ಮಾಡಬೇಕು. ಬಾಟಲಿ ಮರದಡಿ ಇರಬಾರದು, ಸೂರಿನ ನೀರು ಹಾರಿ ಬೀಳಬಾರದು. ಇವರ ಲೆಕ್ಕ ಮಿಲಿಮೀಟರಿನಲ್ಲಿ, ತೋಟದವರದ್ದು ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರ್. ಒಂದೇ ಗ್ರಾಫ್‌ಗೆ ತರಬೇಕಾದರೆ ಗುಣಿಸಲೇಬೇಕು.

ಆಮೇಲೆ ಒಬ್ಬ ಹುಡುಗ ಕೇಳಿದ, ‘ಮಳೆಯನ್ನು ಉದ್ದದ ಲೆಕ್ಕದಲ್ಲಿ ಯಾಕೆ ಹೇಳ್ತಾರೆ? ನೀರು ಅಂದ್ರೆ ಲೀಟರ್ ಅಲ್ವಾ?’ ಅದೊಂದು ಪ್ರಶ್ನೆಗೆ ಎರಡು ತರಗತಿ ಕೊಟ್ಟೆವು. ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಚದರ ಮೀಟರ್ ಗೆರೆ ಎಳೆದರು. ಅದರ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಸರಿಯಾಗಿ ಒಂದು ಲೀಟರ್. ಇದು ಗೊತ್ತಾದ ಕೂಡಲೇ ಮನೆಯ ಚಾವಣಿ ಅಳೆಯಲು ಓಡಿದರು. 100 ಚದರ ಮೀಟರ್ ಚಾವಣಿಗೆ ಒಂದು ಇಂಚು ಮಳೆ ಬಂದರೆ 2,540 ಲೀಟರ್. ‘ನಮ್ಮ ಟ್ಯಾಂಕೇ ಸಾವಿರ ಲೀಟರಿಂದು’ ಎಂದು ಒಬ್ಬಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ವಿಸ್ತೀರ್ಣ, ಘನಅಳತೆ, ಸರಾಸರಿ ಎಲ್ಲ ಅದರ ಹಿಂದೆಯೇ ಬಂದವು.

ಬೇರೆ ಪ್ರಾಜೆಕ್ಟ್‌ಗಳೂ ಇವೆ. ಕೊಯ್ಲಿನ ಕಾಲದಲ್ಲಿ ಅರೇಬಿಕಾ ಕಾಫಿ ಹಣ್ಣನ್ನು ತೂಗಿ, ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಕಣದಲ್ಲಿ ಒಣಗಿಸಿ, ಪ್ರತಿ ಹಂತದಲ್ಲೂ ತೂಕ ಎಷ್ಟು ಇಳಿಯಿತು ಎಂದು ಬರೆಯುತ್ತೇವೆ. ಬೇಲೂರಿಗೆ ಒಂದು ಗಂಟೆಯೊಳಗೆ ಹೋಗಬಹುದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯವನ್ನು ಮಕ್ಕಳು ಮೊದಲೇ ನೋಡಿರುತ್ತಾರೆ. ನಾವು ಹೋಗುವುದು ಜಗತಿಯ, ಅಂದರೆ ದೇವಾಲಯ ನಿಂತಿರುವ ಕಟ್ಟೆಯ, ಮೂಲೆಗಳನ್ನು ಎಣಿಸಿ ನಕ್ಷೆ ಬರೆಯಲು. ಮರಳಿ ಬಂದು, ಅಂಥ ಮೂಲೆಗಳು ಹೇಗೆ ಮೂಡುತ್ತವೆ ಎಂದು ನೋಡಲು, ರಟ್ಟಿನ ಒಂದು ಚೌಕವನ್ನು ನಡುವೆ ಗುಂಡುಪಿನ್ ಚುಚ್ಚಿ ತಿರುಗಿಸುತ್ತೇವೆ. 45 ಡಿಗ್ರಿ ತಿರುಗಿಸಿ ಬರೆದರೆ ಎಂಟು ಮೂಲೆಯ ನಕ್ಷತ್ರ. 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕ ಬರೆದರೆ ಹದಿನಾರು ಮೂಲೆ. ಕೋನಮಾಪಕವನ್ನು ದ್ವೇಷಿಸುತ್ತಿದ್ದ ಹುಡುಗನೊಬ್ಬ ಅದನ್ನು ಮನೆಗೆ ಕೇಳಿ ತೆಗೆದುಕೊಂಡು ಹೋದ.

ಎಲ್ಲವೂ ಪ್ರಾಜೆಕ್ಟಿನಿಂದಲೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಭಿನ್ನರಾಶಿಗೆ, ಬೀಜಗಣಿತಕ್ಕೆ ಕೈ ಪಳಗಬೇಕು. ಪಳಗಲು ಒಂದೇ ಬಗೆಯ ಲೆಕ್ಕ ಮತ್ತೆ ಮತ್ತೆ ಮಾಡಬೇಕು. ಅದಕ್ಕೆ ಪ್ರತಿ ತರಗತಿಯಲ್ಲಿ 40 ನಿಮಿಷ ಬೇರೆಯೇ ಇದೆ. ಇದನ್ನು ಬಿಟ್ಟು ಬರೀ ಪ್ರಾಜೆಕ್ಟ್ ಎನ್ನುವ ಕಡೆ ಮಗುವನ್ನು ಸೇರಿಸುವ ಮುಂಚೆ ಯೋಚಿಸಿ.

ಪೋಷಕರಲ್ಲಿ ನನ್ನದೊಂದು ಕಟ್ಟುನಿಟ್ಟಿನ ಮಾತಿದೆ. ಪ್ರಾಜೆಕ್ಟ್ ಹಾಳೆಗಳು ‘ಫಿನಿಶಿಂಗ್’ಗಾಗಿ ಮನೆಗೆ ಹೋಗುವುದಿಲ್ಲ. ಹೋದರೆ ಮರಳಿ ಬರುವಾಗ ಅಕ್ಷರ ದುಂಡಗಾಗಿರುತ್ತದೆ, ತಪ್ಪು ಮಾಯವಾಗಿರುತ್ತದೆ. ಮಗುವಿನ ಯೋಚನೆ ಎಲ್ಲಿ ಎಡವಿತು ಎಂಬುದು ನನಗೆ ಕಾಣಿಸುವುದೇ ಇಲ್ಲ. ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ವಕ್ರ ಗೆರೆಯನ್ನು ವಕ್ರವಾಗಿಯೇ ಬಿಡಿ.

ಕಾನೂನು, ಪರೀಕ್ಷೆಯ ಬಗ್ಗೆ ಚುಟುಕಾಗಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು ಪೋಷಕರಿಗೆ ಕೊಟ್ಟಿದೆ. ಮನೆ ಕಲಿಕೆಯ ಪ್ರಸ್ತಾಪವೇ ಅದರಲ್ಲಿಲ್ಲ. ಅದಕ್ಕೆ ದಾಖಲೆ ಇಟ್ಟುಕೊಳ್ಳಿ ಎನ್ನುತ್ತೇನೆ. ತಾರೀಖು ಹಾಕಿದ ನೋಟ್‌ಬುಕ್, ಅಳತೆಯ ಪಟ್ಟಿ, ಫೋಟೊ ಎಲ್ಲವೂ ಇರಲಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಎಂಟನೇ ತರಗತಿಗೆ ಸಮನಾದ ಹಂತವಿದೆ. 14 ತುಂಬಿದವರು ಹತ್ತನೆಯದಕ್ಕೆ ನೋಂದಾಯಿಸಬಹುದು. ಅಲ್ಲಿ ಕನಿಷ್ಠ ಐದು ವಿಷಯ ತೆಗೆದುಕೊಳ್ಳಬೇಕು.

ಎಂಟನೇ ವಾರ ಮಕ್ಕಳು ತಮ್ಮ ಕೆಲಸವನ್ನು ಹೊರಗಿನವರೊಬ್ಬರ ಮುಂದಿಡಬೇಕು. ಅಪ್ಪ ಅಮ್ಮ ಹಿಂದೆ ಕೂತು ಕೇಳಬಹುದು. ಎದುರು ಕೂರುವವರು ಮಾತ್ರ ಆ ವಿಷಯ ಬಲ್ಲವರೇ ಆಗಿರಬೇಕು. ಮಳೆಯ ಕೆಲಸಕ್ಕೆ ಒಂದು ಎಸ್ಟೇಟಿನ ಹಳೆಯ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಒಬ್ಬರನ್ನು ಕರೆದಿದ್ದೆ. ವರ್ಷಗಟ್ಟಲೆ ಮಳೆ ರಿಜಿಸ್ಟರ್ ಬರೆದವರು. ಒಂಬತ್ತು ಗ್ರಾಫ್‌ಗಳನ್ನೂ ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ನೋಡಿದರು. ಆಮೇಲೆ ಕೇಳಿದರು, ‘ಬೆಳಿಗ್ಗೆ ಎಷ್ಟು ಗಂಟೆಗೆ ಅಳೆದ್ರಿ ಮಕ್ಕಳೇ?’

ಯಾರೂ ಮಾತಾಡಲಿಲ್ಲ. ಒಬ್ಬರು ಎದ್ದ ಕೂಡಲೇ, ಒಬ್ಬರು ತಿಂಡಿ ಆದ ಮೇಲೆ, ಒಬ್ಬನಂತೂ ನೆನಪಾದಾಗ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ ಎಂದು ಅವರು ಹೇಳಿದರು. ‘ಹಂಗಾದ್ರೆ ನಮ್ಮ ಪಟ್ಟಿ ಎಲ್ಲಾ ತಪ್ಪಾ ಅಜ್ಜ?’ ಎಂದು ಆ 2.5ರ ಹುಡುಗಿಯೇ ಕೇಳಿದಳು. ‘ತಿಂಗಳ ಲೆಕ್ಕಕ್ಕೆ ತೊಂದರೆ ಇಲ್ಲ ಕಣಮ್ಮ. ಆದರೆ ಒಂದೊಂದು ದಿನ ಹೋಲಿಸಿ ನೋಡ್ತೀವಿ ಅಂದ್ರೆ ಆಗಲ್ಲ. ನಿನ್ನ ಇವತ್ತಿನ ಮಳೆ ಅವನ ನಾಳೆಗೆ ಸೇರಿಬಿಟ್ಟಿರುತ್ತೆ’ ಎಂದರು. ಅವಳು ಅದನ್ನು ಬರೆದುಕೊಂಡಳು.

ಈ ವರ್ಷ ಮೇ ಕೊನೆಯಲ್ಲಿ ಹೊಸ ನೋಟ್‌ಬುಕ್ ಹಂಚಿದೆ. ನಾನು ಹೇಳುವ ಮೊದಲೇ ತಾರೀಖಿನ ಪಕ್ಕ ಇನ್ನೊಂದು ಕಾಲಂ ಎಳೆದಾಗಿತ್ತು. ಮೇಲೆ ‘ಗಂಟೆ’ ಎಂದು ಬರೆದಿದ್ದರು.